ಬಿಳಿ ಐದರ ಕೊಳಲು

ಅವನ ನಗು ದೀಪಾಲಿಗೆ ಮೊದಲ ದಿನವೇ ಹಿಡಿಸಲಿಲ್ಲ.

ಸೊಲ್ಲಾಪುರದ ನವೀಪೇಠೆಯಲ್ಲಿ, ಚಾದರದ ಅಂಗಡಿಗಳ ಸಾಲು ಮುಗಿಯುವಲ್ಲಿ, ಅವಳ ಅಪ್ಪ ನಾಗಪ್ಪನವರ ವಾದ್ಯದಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ನಲವತ್ತು ವರ್ಷ ಬರೀ ಕಿವಿಯ ಮೇಲೆ ಹಾರ್ಮೋನಿಯಂಗಳ ಸ್ವರ ಕೂಡಿಸಿದ ನಾಗಪ್ಪನವರಿಗೆ ಈಗ ಆ ಕಿವಿಯೇ ಮಂದವಾಗಿತ್ತು. ರೀಡು ತೀಡುವುದು, ಸ್ವರ ಕೂಡಿಸುವುದು, ಗಿರಾಕಿಗಳ ಜೊತೆಗಿನ ಮಾತು, ಎಲ್ಲವೂ ಮಗಳ ಪಾಲಿಗೆ ಬಂದಿದ್ದವು. ಮೂವತ್ತರ ದೀಪಾಲಿಗೆ ಅದು ಭಾರ ಅನಿಸಿರಲಿಲ್ಲ. ಮನುಷ್ಯರಿಗಿಂತ ವಾದ್ಯಗಳು ವಾಸಿ, ಬೇಸೂರಾದರೆ ತಿದ್ದಬಹುದು ಎಂದು ಗೆಳತಿಯರ ಮುಂದೆ ಹೇಳಿ ನಗುತ್ತಿದ್ದಳು.

ನವೆಂಬರಿನ ಒಂದು ಮಂಗಳವಾರ, ಬಿಸಿಲು ಅಂಗಡಿಯ ಮೆಟ್ಟಿಲವರೆಗೆ ಬಂದು ನಿಂತ ಹೊತ್ತು, ಅವನು ಬಂದ. ಎತ್ತರದ ಆಳು. ಕಣ್ಣಿಗೆ ಕನ್ನಡಕ, ಚಪ್ಪಲಿಯ ಅಂಚಿಗೆ ಒಣಗಿದ ಕರಿಮಣ್ಣು.

"ಬಾಸರಿ ಬೇಕಾಗಿತ್ರಿ," ಅಂದ. "ತುಟಿ ಹಚ್ಚಿ ಊದೂದಲ್ಲ. ಬಾಯಾಗ ಇಟ್ಕೊಂಡು ಊದೂದು. ಆದ್ರ ಪೋರಗೋಳ ಪೀಪಿ ಬ್ಯಾಡ. ದನಿ ದಪ್ಪ ಇರಬೇಕು."

"ಅಂಥಾದ್ದು ಎಲ್ಲಿ ಸಿಗ್ತೈತ್ರಿ? ಇದ ನೋಡ್ರಿ, ಅಸ್ಸಾಮ್ ಬಿದಿರಿಂದು. ಇದಕ್ಕಿಂತ ಚಲೋ ಬಾಸರಿ ಇಡೀ ಸೊಲ್ಲಾಪುರದಾಗಿಲ್ಲ." ಅವಳು ಗಾಜಿನ ಕಪಾಟಿನಿಂದ ಉದ್ದನೆಯ ಕೊಳಲೊಂದನ್ನು ತೆಗೆದು ಅವನ ಮುಂದಿಟ್ಟಳು.

ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಬೆರಳುಗಳು ತಾವಾಗಿಯೇ ರಂಧ್ರಗಳ ಮೇಲೆ ಹೋಗಿ ಕೂತವು. ಆಮೇಲೆ ಅವಳತ್ತ ನೋಡಿ ನಕ್ಕ. ಬಾಯಿಯ ಬಲತುದಿ ಮಾತ್ರ ಮೇಲೆ ಹೋಯಿತು. ಎಡಬದಿ ಅಲುಗಲೇ ಇಲ್ಲ.

ದೀಪಾಲಿಗೆ ಸಿಟ್ಟು ಬಂತು. "ನಗೂವಂಥಾದ್ದು ಏನೈತ್ರಿ ಇದರಾಗ? ಬ್ಯಾಡಾದ್ರ ಬ್ಯಾಡ ಅನ್ರಿ."

ಅವನ ನಗು ನಿಂತಿತು. ಕೊಳಲನ್ನು ಮೆಲ್ಲಗೆ ಗಾಜಿನ ಮೇಲಿಟ್ಟ.

"ತಪ್ಪು ತಿಳ್ಕೋಬ್ಯಾಡ್ರಿ ಮ್ಯಾಡಂ. ನನ್ನ ನಗೀನ ಹಿಂಗ ಆಗೇತಿ. ಅರ್ಧಾನ ಬರ್ತೈತಿ." ಕರವಸ್ತ್ರದಿಂದ ಬಾಯಿಯ ಎಡತುದಿ ಒರೆಸಿಕೊಂಡ. "ಎಂಟು ತಿಂಗಳ ಹಿಂದ ಮುಂಜಾನೆದ್ದು ಹಲ್ಲು ತಿಕ್ಕಾಕ ಹೋದೆ. ಬಾಯಾಗಿನ ನೀರು ಎಡಕ್ಕ ಸೋರಾಕತ್ತು. ಮಾರಿ ಲಕ್ವಾ ಅಂದ್ರು. ಭಾಳಷ್ಟು ಕಮ್ಮಿ ಆಗೇತಿ. ಇನ್ನ ಉಳಿದದ್ದು ಉಳೀತೈತಿ ಅಂತಾರ ಡಾಕ್ಟರ್. ತುಟಿ ಕೂಡಂಗಿಲ್ಲ, ಗಾಳಿ ಒಂದ ಕಡೆ ಹೋಗಂಗಿಲ್ಲ. ಹದಿನೆಂಟು ವರ್ಷ ಊದಿದ ಬಾಸರಿ ಈಗ ಬರೇ ಬುಸ್ ಅಂತೈತಿ."

ದೀಪಾಲಿಗೆ ಮುಖವೆಲ್ಲ ಬಿಸಿಯಾಯಿತು. ಒಳಗಿಂದ ಸ್ಟೂಲು ತಂದಿಟ್ಟು, ಕೂತುಕೊಳ್ಳಿ ಎಂದು ಕೈಸನ್ನೆ ಮಾಡಿದಳು.

ಅವನ ಹೆಸರು ಯುವರಾಜ. ಅಕ್ಕಲಕೋಟೆಯಿಂದ ದುಧನಿಗೆ ಹೋಗುವ ದಾರಿಯ ಹಳ್ಳಿಯಲ್ಲಿ ಮನೆ, ಹೊಲ. ಮುಖಕ್ಕೆ ಕರೆಂಟಿನ ಚಿಕಿತ್ಸೆಗೆಂದು ಮಂಗಳವಾರಕ್ಕೊಮ್ಮೆ ಸೊಲ್ಲಾಪುರಕ್ಕೆ ಬರುತ್ತಿದ್ದ. ಬಾಸರಿ ಬೇಕಾದದ್ದು ತನಗೆಂದಲ್ಲ, ಅಜ್ಜಿ ಗುರುಬಾಯಿಗಾಗಿ. ಎಂಬತ್ತರ ಸಮೀಪದ ಆ ಅಜ್ಜಿಗೆ ಬೀಸುಕಲ್ಲಿನ ಪದಗಳು ನೂರಾರು ಬರುತ್ತಿದ್ದವು. ಅವಳು ಹಾಡುವಾಗ ಯುವರಾಜ ಬಾಸರಿ ಹಿಡಿದು ಬದಿಗೆ ಕೂರುವುದು ಅವನು ಹದಿಮೂರರ ಹುಡುಗನಾಗಿದ್ದಾಗಿನಿಂದಲೂ ನಡೆದುಬಂದ ರೂಢಿ. ಅವನ ಬಾಸರಿ ನಿಂತ ದಿನದಿಂದ ಅವಳೂ ಬಾಯಿ ಮುಚ್ಚಿದ್ದಳು.

"'ನಿನ್ನ ಬಿಟ್ಟು ನಾ ಒಬ್ಬಾಕಿ ಹಾಡಂಗಿಲ್ಲ' ಅಂತ ಹಟ ಹಿಡದಾಳ್ರಿ ಆಯಿ. ಫೆಬ್ರುವರಿಯಾಗ ಅಕ್ಕಲಕೋಟದ ಮಹಿಳಾ ಮಂಡಳದಾವ್ರು ಆಕೀ ಹಾಡಿನ ಕಾರ್ಯಕ್ರಮ ಇಟ್ಟಾರ. ಆಕೀಗ ವಯಸ್ಸಾಗೇತಿ. ಈಗ ಹಾಡ್ಲಿಲ್ಲ ಅಂದ್ರ..."

"ಮುಂದಿನ ಮಂಗಳವಾರ ಬರ್ರಿ," ಅಂದಳು ದೀಪಾಲಿ. "ಬಘೂ, ನೋಡೂಣು. ನಾ ಹುಡುಕಿ ಇಟ್ಟಿರ್ತೀನಿ."

ಹುಡುಕಿದಳು. ಹಗಲೆಲ್ಲ ಫೋನಿನಲ್ಲಿ ವಿಡಿಯೋ ನೋಡುತ್ತ ಕೂತಳು. ಸಮುದ್ರದಾಚೆ ಐರ್ಲೆಂಡ್ ಎಂಬ ದೇಶದಲ್ಲಿ ಹಳ್ಳಿಯ ಹಾಡುಗಳಿಗೆ ಊದುವ ಉದ್ದನೆಯ ಲೋಹದ ಕೊಳಲೊಂದು ಅವಳಿಗೆ ಸಿಕ್ಕಿತು. ಹೆಸರು ಲೋ ವಿಸಲ್. ಮೈತುಂಬ ಆರೇ ರಂಧ್ರ. ಬಾಯಲ್ಲಿಟ್ಟು ಊದಲು ಮೇಲೆ ಮೂತಿ. ತುಟಿಯನ್ನು ಹೀಗೆ ಹಾಗೆ ಮಾಡುವ ಕೆಲಸವೇ ಇಲ್ಲ, ಉಸಿರು ಬಿಟ್ಟರೆ ಸ್ವರ. ಆ ಸ್ವರದಲ್ಲಿ ಅರ್ಧ ಗಾಳಿ, ಅರ್ಧ ಹಾಡು. ಬೆಳಗಿನ ಜಾವ ಜೋಳದ ಹೊಲದ ಮೇಲೆ ಹಾಯುವ ಗಾಳಿಯ ಹಾಗೆ ಅನಿಸಿತು ಅವಳಿಗೆ. ಪುಣೆಯ ವ್ಯಾಪಾರಿಯೊಬ್ಬನಿಗೆ ಫೋನು ಮಾಡಿ, ನೋಡಿ ಆರಿಸುತ್ತೇವೆ, ಬೇಡವಾದದ್ದನ್ನು ವಾಪಸು ಕಳಿಸುತ್ತೇವೆ ಎಂದು ಮೂರು ತರಿಸಿದಳು.

ನಾಗಪ್ಪನವರು ಡಬ್ಬಿ ಬಿಚ್ಚಿ ನೋಡಿ ಕೇಳಿದರು: "ಇದಕ್ಕೇನಂತಾರ ದೀಪಾ?"

"ವಿಸಲ್, ಅಪ್ಪಾ! ಸೀಟಿ!"

"ಪೊಲೀಸರ ಸೀಟಿ ಇಷ್ಟುದ್ದ ಯಾವಾಗಾತು?"

ಮಂಗಳವಾರ ಆ ಮಾತು ಕೇಳಿ ಯುವರಾಜ ಮನಸಾರೆ ನಕ್ಕ. ಈ ಸಲ ದೀಪಾಲಿ ಆ ನಗುವನ್ನು ನಿಂತು ನೋಡಿದಳು. ಬಾಯಲ್ಲಿ ಬಾರದ ಉಳಿದರ್ಧ ನಗುವೆಲ್ಲ ಅವನ ಬಲಗಣ್ಣಿಗೆ ಬಂದು ಸೇರುತ್ತಿತ್ತು. ಅಲ್ಲಿ ಮೂರು ಸಣ್ಣ ಗೆರೆಗಳು ಮೂಡಿ ಮಾಯವಾದವು.

"ಮನ್ಯಾಗ ಆಯಿಗೆ ಏನಂತ ಹೇಳ್ಲಿರಿ? ಸೊಲ್ಲಾಪುರದ ಹುಡುಗಿ ನನಗ ಸೀಟಿ ಹೊಡಿಯೂದು ಕಲಸಾಕತ್ತಾಳ ಅಂತ ಹೇಳ್ಲೇನು?"

"ಊದೂದು ಅನ್ರಿ. ಹೊಡಿಯೂದು ಅನಬ್ಯಾಡ್ರಿ," ಅಂದಳು, ನಗು ಬಾರದಂತೆ ಕೆಳತುಟಿ ಕಚ್ಚಿ.

ಮೊದಲನೆಯದು ದಪ್ಪ ಅಲ್ಯೂಮಿನಿಯಂ. ತೂಕದ್ದು, ಉಸಿರು ನುಂಗುವಂಥದ್ದು. ಮೂತಿ ಅಗಲ. ಯುವರಾಜನ ಬಾಯಿಯ ಎಡತುದಿಯಿಂದ ಗಾಳಿ ಸೋರಿ ಸ್ವರ ಒಡೆಯಿತು. ಎರಡನೆಯದು ಗಿಡ್ಡ, ಅದರ ದನಿಯೂ ತೆಳು. ಮೂರನೆಯದು ಹಿತ್ತಾಳೆಯದು. ಕರಿ ಫೈಬರಿನ ಮೂತಿ ಗಿಣಿಯ ಕೊಕ್ಕಿನಂತೆ ಸಣ್ಣಗಿತ್ತು. ಬಲತುಟಿಯ ಕಡೆಗೆ ಇಟ್ಟುಕೊಂಡು ಮೆಲ್ಲಗೆ ಊದಿದ. ಅಂಗಡಿಯ ತುಂಬ ಒಂದು ಸ್ವರ ಮೆಲ್ಲಗೆ ಎದ್ದು ನಿಂತಿತು. ಗೋಡೆಗೆ ತೂಗುಹಾಕಿದ್ದ ಏಕತಾರಿಯ ತಂತಿ ತಾನೇ ಝುಮ್ಮೆಂದಿತು.

ಎಂಟು ತಿಂಗಳ ಮೇಲೆ ಅವನ ಉಸಿರಿಗೆ ದನಿ ಬಂದಿತ್ತು. ಅವನು ನಿಲ್ಲಿಸಲಿಲ್ಲ. ಉಸಿರು ತೀರುವವರೆಗೂ ಅದೊಂದೇ ಸ್ವರವನ್ನು ಹಿಡಿದ. ದೀಪಾಲಿ ಮುಖ ತಿರುಗಿಸಿ, ಸುಮ್ಮನೆ ಒಂದು ತಬಲಾದ ಮೇಲಿನ ಧೂಳು ಒರೆಸಿದಳು.

ಆದರೆ ಎಲ್ಲ ರಂಧ್ರಗಳೂ ಮುಚ್ಚುತ್ತಿರಲಿಲ್ಲ. "ಬೆರಳ ತುದೀಲೆ ಒತ್ತಬ್ಯಾಡ್ರಿ," ಅಂದಳು. "ವಿಡಿಯೋದಾಗ ಹಿಂಗ ಹಿಡಿತಾರ, ಬೆರಳ ನಡುಗೆಣ್ಣಿಲೆ." ಹೇಳಿದ್ದು ತಿಳಿಯದೆ ಅವನು ತಡವರಿಸಿದಾಗ ಕೈ ಚಾಚಿ ಅವನ ಒಂದೊಂದೇ ಬೆರಳನ್ನು ಎತ್ತಿ, ಚಪ್ಪಟೆಯಾಗಿ, ರಂಧ್ರದ ಮೇಲೆ ಮಲಗಿಸಿದಳು. ಮೂರನೆಯ ಬೆರಳಿಗೆ ಬರುವಷ್ಟರಲ್ಲಿ ತಾನೇನು ಮಾಡುತ್ತಿದ್ದೇನೆಂಬುದು ಹೊಳೆದು ಕೈ ನಿಂತಿತು. ಅವನು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಉಸಿರು ಮಾತ್ರ ಹಿಡಿದಿದ್ದ.

"ಇನ್ನ ಮೂರು ಉಳದಾವ," ಅಂದ ಮೆಲ್ಲಗೆ.

"ನೀವ ಮಾಡ್ಕೋರಿ," ಅಂದು ಅವಳು ಹಾರ್ಮೋನಿಯಂ ಕಡೆ ಹೋದಳು.

ಅವನ ಫೋನಿನಲ್ಲಿ ಅಜ್ಜಿಯ ಹಾಡಿನದೊಂದು ಹಳೆಯ ರೆಕಾರ್ಡಿಂಗ್ ಇತ್ತು. ದೀಪಾಲಿ ಅದಕ್ಕೆ ಹಾರ್ಮೋನಿಯಂ ಕೂಡಿಸಿ ನೋಡಿದಳು. ಅಜ್ಜಿಯ ಷಡ್ಜ ಹಾರ್ಮೋನಿಯಂನ ಆರನೆಯ ಬಿಳಿಮನೆಗೆ ಸರಿಯಾಗಿ ಬಂತು. ಹಿತ್ತಾಳೆಯ ವಿಸಲ್ಲೂ ಅದೇ ಬಿಳಿ ಆರರದು. ಅವನು ಅದನ್ನು ಅರಿವೆಯಲ್ಲಿ ಸುತ್ತಿ, ಅಂಗಿಯೊಳಗೆ ಎದೆಗೆ ಹಚ್ಚಿಕೊಂಡು ಹೋದ.

ಅಂದಿನಿಂದ ದಿನಾ ಬೆಳಿಗ್ಗೆ ವಾಟ್ಸ್ಯಾಪಿಗೆ ಒಂದು ವಾಯ್ಸ್ ಮೆಸೇಜು. ಮಾತಿಲ್ಲ, ಬರೀ ಊದಿದ್ದು. ಹಿಂದೆ ಎಲ್ಲೋ ಎಮ್ಮೆ ಕೂಗುವುದು, ಯಾರೋ ಕೊಡ ಇಡುವುದು, ಗುಬ್ಬಿಗಳು. ದೀಪಾಲಿ ಅಂಗಡಿಯ ಶಟರ್ ಅರ್ಧ ಎತ್ತಿ, ಒಳಗೆ ಬಿದ್ದ ಎಳೆಬಿಸಿಲಿನ ಪಟ್ಟಿಯಲ್ಲಿ ಕೂತು ಅದನ್ನು ಕೇಳುತ್ತಿದ್ದಳು. ಮೊದಲ ವಾರ ಸ್ವರಗಳು ಮುಗ್ಗರಿಸುತ್ತಿದ್ದವು. ಎರಡನೆಯ ವಾರ ನಡೆದವು. ಡಿಸೆಂಬರಿನ ಚಳಿ ಬರುವಷ್ಟರಲ್ಲಿ ಎಲ್ಲಿಗೋ ಹೊರಟಂತೆ, ದಾರಿ ಗೊತ್ತಿದ್ದವರಂತೆ ಹೋಗತೊಡಗಿದವು. ಅವಳು ಉತ್ತರವಾಗಿ "ಎರಡನೇ ಸಾಲಿನಾಗ ಉಸಿರು ಕಮ್ಮಿ ಬಿತ್ತು" ಎಂದೋ "ಇವತ್ತ ಚಲೋ ಆತು" ಎಂದೋ ಬರೆಯುತ್ತಿದ್ದಳು. ಬರೆದು ಅಳಿಸಿದ್ದು ಅದಕ್ಕಿಂತ ಹೆಚ್ಚು.

ಜನವರಿಯ ಒಂದು ಶನಿವಾರ ಊದಿದ್ದು ಬರಲಿಲ್ಲ. ಫೋನೇ ಬಂತು.

"ಆಯಿ ನಿನ್ನೆ ಹಾಡಾಕ ಕುಂತಳ್ರಿ," ಅಂದ ಯುವರಾಜ. ದನಿ ಬಿದ್ದುಹೋಗಿತ್ತು. "ಕೂಡಲಿಲ್ಲ. ಆಕಿ ಒಂದು ಕಡೆ, ನಾ ಒಂದು ಕಡೆ. ಆಕೀ ದನಿ ಇಳದೈತಿ. ಆ ರೆಕಾರ್ಡಿಂಗ್ ಐದು ವರ್ಷದ ಹಿಂದಿಂದು, ನನಗದು ಹೊಳೀಲೇ ಇಲ್ಲ. 'ನಾ ಮುದುಕಿ ಆಗೀನಿ, ಬಿಡಪ್ಪಾ' ಅಂತ ಎದ್ದು ಹ್ವಾದ್ಲು."

"ನಾಳೆ ಬರ್ತೀನಿ," ಅಂದಳು ದೀಪಾಲಿ, ಯೋಚಿಸದೆಯೇ.

ಭಾನುವಾರ ಅಕ್ಕಲಕೋಟೆಗೆ ಒಂದು ಬಸ್ಸು, ಅಲ್ಲಿಂದ ಮುಂದಕ್ಕೆ ಇನ್ನೊಂದು. ಕಿಟಕಿಯಾಚೆ ತೆನೆ ಬಿಟ್ಟ ಜೋಳ ದಿಗಂತದವರೆಗೆ ತೂಗುತ್ತಿತ್ತು. ಚೀಲದಲ್ಲಿ ಸಣ್ಣ ಶ್ರುತಿಪೆಟ್ಟಿಗೆ, ಮತ್ತು ವಾಪಸು ಕಳಿಸದೆ ಇಟ್ಟುಕೊಂಡಿದ್ದ ಆ ದಪ್ಪ ಅಲ್ಯೂಮಿನಿಯಂ ವಿಸಲ್. ಯಾಕೆ ಇಟ್ಟುಕೊಂಡೆ ಎಂದು ತನ್ನನ್ನೇ ಕೇಳಿಕೊಂಡರೆ ಅವನು ಮೊದಲು ಬಾಯಿಗಿಟ್ಟದ್ದು ಅದು ಎಂಬುದಷ್ಟೇ ಉತ್ತರವಾಗಿತ್ತು.

ಗುರುಬಾಯಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಸಣ್ಣ ದೇಹ, ಹಣೆಯ ತುಂಬ ವಿಭೂತಿ. "ಬಾ ಯವ್ವಾ. ನೀನೇನು ಸೀಟಿ ಕಲಿಸಾಕಿ?" ಎಂದು ಕೈ ಹಿಡಿದು ಬದಿಗೆ ಕೂರಿಸಿಕೊಂಡಳು. ದೀಪಾಲಿ ಯುವರಾಜನತ್ತ ಕಣ್ಣು ಬಿಟ್ಟಳು. ಅವನು ತಕ್ಷಣ ಮಾಡಿನ ತೊಲೆ ಎಣಿಸತೊಡಗಿದ.

ಎಷ್ಟೋ ಪುಸಲಾಯಿಸಿದ ಮೇಲೆ ಅಜ್ಜಿ ಒಂದು ಸಾಲು ಹಾಡಿದಳು. ತವರಿನ ದಾರಿಯ ಬೇವಿನ ಮರಕ್ಕೆ ಹೇಳುವ ಪದ. ದನಿ ಒಣಗಿತ್ತು, ಆದರೆ ಕೆಳಗೆ ಆಳದಲ್ಲಿ ನೀರಿತ್ತು. ದೀಪಾಲಿ ಶ್ರುತಿಪೆಟ್ಟಿಗೆಯನ್ನು ಒಂದು ಬಿಳಿಮನೆ ಇಳಿಸಿದಳು. ಸರಿಯಾಗಿ ಕೂತಿತು.

"ಬಿಳಿ ಐದು," ಅಂದಳು. "ನಿಮ್ಮ ದನಿ ಹೋಗಿಲ್ಲ ಆಯಿ. ಒಂದು ಮೆಟ್ಟಲಾ ಇಳದು ಕುಂತೈತಿ, ಅಷ್ಟ. ನಾವ ಇಳದು ಬರೂಣು."

ಚೀಲದಲ್ಲಿದ್ದ ವಿಸಲ್ ಬಿಳಿ ಐದರದೇ ಆಗಿತ್ತು. ಅದರ ರಂಧ್ರಗಳು ಇನ್ನೂ ದೂರ ದೂರ. ದೀಪಾಲಿ ಮತ್ತೆ ಅವನ ಬೆರಳುಗಳನ್ನು ಕೂರಿಸಿಕೊಡಬೇಕಾಯಿತು. ಈ ಸಲ ಆರನ್ನೂ ಕೂರಿಸಿದಳು. ಗುರುಬಾಯಿ ಅಡಿಕೆ ಜಗಿಯುತ್ತ ನೋಡಿದಳು. ಬೆರಳೇನೋ ಕೂತವು, ಆದರೆ ಆ ಅಗಲ ಮೂತಿಯಿಂದ ಗಾಳಿ ಹಿಂದಿನಂತೆಯೇ ಸೋರಿತು.

"ಮೂತಿ ನಾ ತೀಡಿ ಕೊಡ್ತೀನಿ," ಅಂದಳು.

ಯುವರಾಜನ ತಾಯಿ ಸೋನಾಬಾಯಿ ಊಟಕ್ಕೆ ಕರೆದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ. ಎದುರಿಗೆ ಕೂತು ಉಣ್ಣುತ್ತಿದ್ದ ಯುವರಾಜನ ಎಡಗಣ್ಣಿನಿಂದ ನೀರು ಇಳಿಯತೊಡಗಿತು.

"ಖಾರ ಹತ್ತೇನ್ರಿ?"

"ಇಲ್ರಿ. ಲಕ್ವಾ ಆದ ಮ್ಯಾಲ ಹಿಂಗ. ಬಾಯಿ ಅಗದ್ರ ಕಣ್ಣು ಅಳತೈತಿ." ತೋಳಿನಿಂದ ಒರೆಸಿಕೊಂಡ. "ಹೋದ ವರ್ಷ ಒಂದು ಹುಡುಗಿ ಜೋಡಿ ಲಗ್ನ ಗೊತ್ತಾಗಿತ್ತು. ಆಕಿ ಮನ್ಯಾವ್ರು ನೋಡಾಕ ಬಂದು, ನಾ ಉಣ್ಣೂದು ನೋಡಿ, ಎದ್ದು ಹ್ವಾದ್ರು. ಅವರ ತಪ್ಪೇನಿಲ್ರಿ."

ದೀಪಾಲಿ ತನ್ನ ತಟ್ಟೆಯ ಚಟ್ನಿಯನ್ನು ಒಂದಿಷ್ಟು ಹೆಚ್ಚೇ ಎತ್ತಿ ಬಾಯಿಗೆ ಹಾಕಿಕೊಂಡಳು. ಕೊಂಚ ಹೊತ್ತಿಗೆ ಅವಳ ಎರಡೂ ಕಣ್ಣಲ್ಲಿ ನೀರು ಬಂತು.

"ನಿಮಗ ಖಾರ ಹತ್ತೇತಿ," ಅಂದ ಅವನು ಗಾಬರಿಯಿಂದ, ನೀರು ಸರಿಸುತ್ತ.

"ಹೌದಲ್ಲ. ಒಬ್ಬರ ಯಾಕ ಅಳಬೇಕು?"

ಅವನು ಅವಳನ್ನು ನೋಡಿದ. ಆ ನೋಟ ಊರಿಗೆ ಮರಳುವ ಬಸ್ಸಿನಲ್ಲೂ ಅವಳ ಜೊತೆ ಕೂತು ಬಂತು.

ಹದಿನೈದು ದಿನ ದೀಪಾಲಿ ಆ ಮೂತಿಯನ್ನು ತೀಡಿದಳು. ಅಪ್ಪನ ಹಳೆಯ ಸಣ್ಣ ಅರ, ಆಮೇಲೆ ಮರಳುಕಾಗದ, ಆಮೇಲೆ ಬರೀ ಅರಿವೆ. ಬದಿಗಳು ಕರಗಿ, ಕೆಳಗಿನ ಅಂಚು ದುಂಡಗಾಗಿ, ಅಗಲ ಮೂತಿ ಸಣ್ಣ ಕೊಕ್ಕಾಯಿತು. ಕೂದಲೆಳೆಯಷ್ಟು ಹೆಚ್ಚು ತೀಡಿದರೂ ಸ್ವರ ಕೆಡುತ್ತಿತ್ತು. ಕೆಡಲಿಲ್ಲ.

ಮಂಗಳವಾರ ಅವನು ಬಂದು ಊದಿ ನೋಡಿದ. ಗಾಳಿ ಒಂದಿಷ್ಟೂ ಸೋರಲಿಲ್ಲ. ಅವನು ಬಹಳ ಹೊತ್ತು ಆ ಮೂತಿಯನ್ನು ಹೆಬ್ಬೆರಳಿನಿಂದ ಸವರುತ್ತ ನಿಂತ. ಆಮೇಲೆ ತಲೆ ಎತ್ತದೆ ಹೇಳಿದ:

"ಇವತ್ತಿಗಿ ಮಾರಿಗಿ ಕರೆಂಟು ಕೊಡೂದು ಮುಗೀತ್ರಿ. ಮುಂದಿನ ಮಂಗಳವಾರದಿಂದ ಬರಂಗಿಲ್ಲ. ನಿಮಗ ಭಾಳ ತ್ರಾಸ ಕೊಟ್ಟೆ. ನಿಮ್ಮ ಮನಸು ದೊಡ್ಡದು, ನನ್ನಂಥಾವನ ಮ್ಯಾಲ ಕನಿಕರ ತೋರಿಸಿದ್ರಿ. ಅದನ್ನ ಬ್ಯಾರೆ ಏನೋ ಅಂತ ನಾ ತಿಳ್ಕೊಂಡ್ರ ಅದು ನನ್ನ ತಪ್ಪಾಗ್ತೈತಿ."

ಅವಳು ಗಾಜಿನ ಕಪಾಟು ಬಳಸಿ ಈಚೆ ಬರುವಷ್ಟರಲ್ಲಿ ಅವನು ಮೆಟ್ಟಿಲಿಳಿದಿದ್ದ. ಮರುದಿನ ಬೆಳಿಗ್ಗೆ ವಾಯ್ಸ್ ಮೆಸೇಜು ಬರಲಿಲ್ಲ. ಅದರ ಮರುದಿನವೂ ಇಲ್ಲ. ಎಳೆಬಿಸಿಲಿನ ಪಟ್ಟಿ ಬರುತ್ತಿತ್ತು, ದೀಪಾಲಿ ಕೂರುತ್ತಿದ್ದಳು, ಏಳುತ್ತಿದ್ದಳು.

ಫೆಬ್ರುವರಿಯಲ್ಲಿ, ಗುರುಬಾಯಿಯ ಹಾಡಿದ್ದ ಭಾನುವಾರ, ಅವಳು ಹೊಸ ಇಳಕಲ್ ಸೀರೆ ಉಟ್ಟು ಅಪ್ಪನ ಮುಂದೆ ನಿಂತಳು. "ಅಪ್ಪಾ, ಅಕ್ಕಲಕೋಟಕ್ಕ ಹೋಗೂಣು! ನಮ್ಮ ಅಂಗಡಿ ಸೀಟಿ ಊದೂದು ಐತಿ!"

ನಾಗಪ್ಪನವರು ಮಗಳ ಮುಖವನ್ನು ಒಮ್ಮೆ ನೋಡಿ, ಟೊಪ್ಪಿಗೆ ಹಾಕಿಕೊಂಡರು.

ಬೆಳಗಿನ ಹತ್ತು ಗಂಟೆ. ಮಂಡಳದ ಸಭಾಗೃಹದ ತುಂಬ ಹೆಂಗಸರು. ದೀಪಾಲಿ ಅಪ್ಪನೊಡನೆ ಮೂರನೆಯ ಸಾಲಿನಲ್ಲಿ ಕೂತಳು. ವೇದಿಕೆಯ ಮೇಲೆ ಬೀಸುಕಲ್ಲು, ಅದರ ಗೂಟ ಹಿಡಿದು ಗುರುಬಾಯಿ, ಬದಿಗೆ ಯುವರಾಜ. ಅವನು ಅವಳನ್ನು ಕಂಡ. ತಕ್ಷಣ ಕಣ್ಣು ಕೆಳಗೆ ಮಾಡಿದ.

ಮೊದಲು ವಿಸಲ್ ಎದ್ದಿತು. ದಪ್ಪನೆಯ, ಗಾಳಿ ಬೆರೆತ, ದೂರದಿಂದ ಬಂದಂಥ ದನಿ. ಅದರ ಮೇಲೆ ಗುರುಬಾಯಿಯ ದನಿ ಬಂದು ಕೂತಿತು. ಎರಡರ ನಡುವೆ ಸಂದಿಯೇ ಇರಲಿಲ್ಲ. ಸಭೆ ಉಸಿರು ಬಿಗಿಹಿಡಿಯಿತು. ಪದದ ಮೇಲೆ ಪದ. ಮುಂದಿನ ಸಾಲಿನ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊತ್ತಿಕೊಂಡಳು.

ಕೊನೆಯ ಪದಕ್ಕೆ ಗುರುಬಾಯಿ ಗೂಟ ನಿಲ್ಲಿಸಿ, ಸಭೆಯ ಮೇಲೆ ಕಣ್ಣಾಡಿಸಿದಳು. ಬೀಸುವಾಗ ಹೆಂಗಸರು ಕಂಡದ್ದನ್ನೆಲ್ಲ ಆಗಿಂದಾಗಲೇ ಕಟ್ಟಿ ಹಾಡುವುದುಂಟು. ಅವಳ ಕಣ್ಣು ಮೂರನೆಯ ಸಾಲಿಗೆ ಬಂದು ನಿಂತಿತು.

"ಸೊಲ್ಲಾಪುರದಾಕಿ ಸ್ವರ ಹುಡುಕಿ ತಂದಾಳ
ಕೊಳಲ ಹಿಡಿಯಂತ ಕೈ ಹಿಡಿದು, ನನ ಕೂಸು
ಊದೂದ ಮರತು ಕುಂತಾನ."

ಸಭೆ ಘೊಳ್ಳೆಂದಿತು. ಯುವರಾಜನ ವಿಸಲ್ ನಿಜವಾಗಿಯೂ ನಿಂತುಹೋಗಿತ್ತು. ಗುರುಬಾಯಿ ಇನ್ನೊಂದು ಸುತ್ತು ಬೀಸಿದಳು.

"ಮಾರಿ ಅರ್ಧಾದ್ರೇನ, ಮನಸೇನು ಅರ್ಧೇನ
ಕೇಳವ್ವ ಎದುರ ಕುಂತಾಕಿ, ನಿನ ಹೆಸರ
ಕೂಡಿಸಿ ಹಾಡ ಮುಗಿಸಲೇನ."

ಸಭೆಯ ತಲೆಗಳೆಲ್ಲ ತಿರುಗಿದವು. ದೀಪಾಲಿಯ ಕಿವಿ, ಕೊರಳು ಎಲ್ಲ ಕೆಂಪಾಯಿತು. ಚಪ್ಪಾಳೆಯ ನಡುವೆ ಅಪ್ಪನ ಕೈ ಹಿಡಿದುಕೊಂಡು ಹೊರಗೆ ಬಂದುಬಿಟ್ಟಳು.

ಬಸ್ ನಿಲ್ದಾಣದಲ್ಲಿ ಊರ ಮಠದಲ್ಲಿ ಸ್ವಾಮಿಯ ದರ್ಶನ ಮುಗಿಸಿದ ಭಕ್ತರ ಗದ್ದಲ. ಸೊಲ್ಲಾಪುರದ ಬಸ್ಸು ಹೊರಡಲು ನಿಂತಿತ್ತು. ಅಪ್ಪನನ್ನು ಕಟ್ಟೆಯ ಮೇಲೆ ಕೂರಿಸುವಷ್ಟರಲ್ಲಿ ಯುವರಾಜ ಓಡಿ ಬಂದ. ಕೈಯಲ್ಲಿ ವಿಸಲ್, ಉಸಿರು ಮೇಲೆ ಕೆಳಗೆ.

"ಮಾಫ್ ಮಾಡ್ರಿ. ಆಯಿಗಿ ತಿಳಿಯಂಗಿಲ್ಲ. ಆಕಿ ಮಾತು ಮನಸಿಗಿ ಹಚ್ಕೋಬ್ಯಾಡ್ರಿ. ನೀವು ಕನಿಕರಕ್ಕ ಮಾಡಿದ್ದನ್ನ..."

"ಕನಿಕರಾ?" ದೀಪಾಲಿ ಗಕ್ಕನೆ ಅವನತ್ತ ತಿರುಗಿದಳು. "ಹದಿನೈದು ದಿನ ಆ ಮೂತಿ ತೀಡೀನಿ. ತೀಡಿದಷ್ಟೂ ಸಲ ನನ್ನ ತುಟಿಗಿ ಇಟ್ಟು ನೋಡೀನಿ, ನಿಮ್ಮ ತುಟಿಗಿ ಎಲ್ಲೂ ಚುಚ್ಚಬಾರದಂತ. ಕನಿಕರಕ್ಕ ಹಂಗ ಯಾರರ ಮಾಡ್ತಾರೇನ್ರಿ?"

ಅವನು ಕೈಯಲ್ಲಿದ್ದ ಕೊಳಲನ್ನು ನೋಡಿದ. ಅವಳ ತುಟಿಯನ್ನು ನೋಡಿದ. ತಿಳಿಯಬೇಕಾದದ್ದು ಈಗ ತಿಳಿದಂತೆ ಅವನ ಮುಖ ಮೆಲ್ಲಗೆ ಬೆಳಗಿತು.

"ದೀಪಾಲಿ," ಅಂದ. ಮ್ಯಾಡಂ ಇರಲಿಲ್ಲ, ರೀ ಇರಲಿಲ್ಲ.

"ಮುಂಜಾನೆ ಆ ಬಿಸಿಲಾಗ ಸುಮ್ಮ ಕುಂತು ಕುಂತು ಸಾಕಾಗೇತಿ ನನಗ," ಅಂದಳು ಅವಳು, ಅತ್ತ ಮುಖ ಮಾಡಿ.

ನಾಗಪ್ಪನವರು ಮಗಳ ಸೆರಗು ಜಗ್ಗಿದರು. "ಏ ದೀಪಾ. ಆ ಮುದುಕಿ ಕಡೀಕ ಏನ್ ಹಾಡಿದ್ಲ? ಎಲ್ಲಾರೂ ನಮ್ಮನ್ನ ನೋಡಿ ಯಾಕ ನಕ್ರು?"

ದೀಪಾಲಿ ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಬಾಗಿ ಅಪ್ಪನ ಕಿವಿಗೆ ಬಾಯಿ ಹಚ್ಚಿ ಆ ಎರಡೂ ಪದಗಳನ್ನು, ಒಂದಕ್ಷರ ಬಿಡದೆ, ಗಟ್ಟಿಯಾಗಿ ಹೇಳಿದಳು. ಅಪ್ಪನಿಗೆ ಕೇಳಿಸುವಷ್ಟು ಗಟ್ಟಿಯೆಂದರೆ ಇಡೀ ನಿಲ್ದಾಣಕ್ಕೆ ಕೇಳಿಸುವಷ್ಟು. ಭಕ್ತರ ಗುಂಪೊಂದು ತಿರುಗಿ ನಿಂತಿತು. ಬಾಳೆಹಣ್ಣು ಮಾರುವವಳು ತೂಕ ಹಾಕುವುದನ್ನು ನಿಲ್ಲಿಸಿದಳು.

ನಾಗಪ್ಪನವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ನಿನ್ನ ಮನಸಿನಾಗ ಐತಿ?"

ಅವಳು ಹೌದೆಂದು ತಲೆಯಾಡಿಸಿದಳು.

"ಏನಪ್ಪಾ, ನಿನ್ನ ಮನಸಿನಾಗ?"

"ಐತ್ರಿ," ಅಂದ ಯುವರಾಜ.

"ಹಾಂ?"

"ಐತ್ರೀ!" ಎಂದು ಕೂಗಿದ ಯುವರಾಜ. ಭಕ್ತರು ಚಪ್ಪಾಳೆ ತಟ್ಟಿದರು.

ನಾಗಪ್ಪನವರು ಮೊಣಕಾಲಿಗೆ ಕೈಯೂರಿ ಎದ್ದರು. "ಕೂಗ್ತೀ ಯಾಕ, ಕೇಳಿಸ್ತು. ನಿಮ್ಮ ಆಯಿ, ನಿಮ್ಮ ಅವ್ವ-ಅಪ್ಪ ಎಲ್ಲಾರೂ ಅಲ್ಲೇ ಅದಾರೇನು? ನಡೀರಿ ಹಂಗಾರ, ಮಾತಾಡೂಣು. ಇಷ್ಟೆಲ್ಲಾ ಹಾಡಿ ಹಸದಿರ್ತಾಳ ಮುದುಕಿ, ದಾರ್ಯಾಗ ಪೇಢೆ ತಗೋರಿ."

ಹಿಂದೆ ಕಂಡಕ್ಟರ್ ಗಂಟೆ ಎಳೆದ. ಸೊಲ್ಲಾಪುರದ ಬಸ್ಸು ಧೂಳೆಬ್ಬಿಸಿ ಹೊರಟುಹೋಯಿತು. ಅಪ್ಪ ಮುಂದೆ ಮುಂದೆ ನಡೆದರು. ಅವರ ಹಿಂದೆ ದೀಪಾಲಿ ಮತ್ತು ಯುವರಾಜ, ಪೇಠೆಯ ಜನರ ನಡುವೆ ದಾರಿ ಮಾಡಿಕೊಳ್ಳುತ್ತ, ಅವಸರವಿಲ್ಲದೆ, ಒಬ್ಬರ ಹೆಜ್ಜೆಗೆ ಒಬ್ಬರು ಹೆಜ್ಜೆ ಕೂಡಿಸುತ್ತ ನಡೆದರು.